ವಸಂತದ ದುಬೈ, ವರ್ಷಪೂರ್ತಿಯ ಕೂಡ್ಲಿಗಿ

ಶಿವರಾತ್ರಿ ಮುಗಿದು ಯುಗಾದಿ ಹತ್ತಿರ ಬಂದಂತೆ ನಮ್ಮ ಸೀಮೆಯ ಉಳ್ಳವರ ಮನೆಗಳಲ್ಲಿ ದುಬೈ ಪ್ರವಾಸದ ಮಾತು ಏಳುತ್ತದೆ. ನಾಲ್ಕು ರಾತ್ರಿ, ಐದು ಹಗಲಿನ ಪ್ಯಾಕೇಜ್. ಅದರಲ್ಲಿ ಬುರ್ಜ್ ಖಲೀಫಾ, ಮಿರಾಕಲ್ ಗಾರ್ಡನ್, ಮರಳದಿಬ್ಬಗಳ ಮೇಲೆ ಜೀಪಿನ ಓಟ, ಅಬುಧಾಬಿಯ ಮಸೀದಿ ಮತ್ತು ಮಂದಿರ. ಹೋಗಿಬಂದವರ ಬಾಯಲ್ಲಿ ಆಮೇಲೆ ಒಂದೇ ಮಾತು: "ಮರಳುಗಾಡ್ನಾಗ ಅವ್ರು ಹೂವಿನ ತ್ವಾಟ ಮಾಡ್ಯಾರ, ನಮ್ಮೋರ ಕೈಲಿ ಒಂದು ಕೆರಿ ತುಂಬ್ಸಾಕ ಆಗವಲ್ದು." ಈ ಮಾತು ಈಗ ಹೋಗಿಬಂದವರದಷ್ಟೇ ಆಗಿ ಉಳಿದಿಲ್ಲ. ಕೊಟ್ಟೂರಿನ ಚಹಾದಂಗಡಿಯಲ್ಲಿ, ಹಗರಿಬೊಮ್ಮನಹಳ್ಳಿಯ ಮಾರುಕಟ್ಟೆಯಲ್ಲಿ, ಚುನಾವಣೆಯ ವೇದಿಕೆಗಳಲ್ಲಿ ಅದು ಎಲ್ಲರೂ ಒಪ್ಪಿದ ಸತ್ಯದಂತೆ ಓಡಾಡುತ್ತಿದೆ. ಮನಸ್ಸು ಮಾಡಿದರೆ ಮರಳಲ್ಲೂ ನಗರ ಎದ್ದೀತು, ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕುಗಳು ಒಣಗಿ ಕೂತಿರುವುದು ಛಲವಿಲ್ಲದ್ದಕ್ಕೆ, ಆದ್ದರಿಂದ ನಾವು ದುಬೈಯನ್ನು ನೋಡಿ ಕಲಿಯಬೇಕು ಎಂಬುದು ಅದರ ಸಾರ. ಈ ಅಭಿಪ್ರಾಯ ತಪ್ಪು ಎಂದು ತೋರಿಸುವುದು ಈ ಲೇಖನದ ಉದ್ದೇಶ. ಅದು ತಪ್ಪಾಗಿದ್ದು ಸುಮ್ಮನಿದ್ದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅದು ನಮ್ಮ ನೆಲದ ಬಗ್ಗೆ ನಮಗೇ ತಿರಸ್ಕಾರ ಕಲಿಸುತ್ತದೆ, ಮಾಡಬೇಕಾದ ಕೆಲಸದಿಂದ ಕಣ್ಣು ತಪ್ಪಿಸುತ್ತದೆ. ಆದ್ದರಿಂದ ಅದನ್ನು ಎದುರಿಸಲೇಬೇಕು.

ಮೊದಲು ಸಾಕ್ಷ್ಯವನ್ನು ನೋಡೋಣ. ಪ್ರವಾಸಿ ಕಂಡದ್ದು ವಸಂತದ ದುಬೈ. ಮಾರ್ಚಿನಲ್ಲಿ ಅಲ್ಲಿ ಹಗಲಿನ ಬಿಸಿಲು 28 ಡಿಗ್ರಿಯ ಆಸುಪಾಸು ಇರುತ್ತದೆ, ಸಂಜೆ ತಂಪುಗಾಳಿ ಬೀಸುತ್ತದೆ. ಜುಲೈ–ಆಗಸ್ಟ್ ತಿಂಗಳಲ್ಲಿ ಅದೇ ನಗರದಲ್ಲಿ ಬಿಸಿಲು 40 ಡಿಗ್ರಿ ದಾಟಿ ನಿಲ್ಲುತ್ತದೆ, ಸಮುದ್ರದ ತೇವ ಸೇರಿ ಹೊರಗೆ ಉಸಿರಾಡುವುದೇ ಕಷ್ಟವಾಗುತ್ತದೆ. 2013ರ ಫೆಬ್ರುವರಿ 14ರಂದು ತೆರೆದ ಆ ಹೂವಿನ ತೋಟ, ಮಿರಾಕಲ್ ಗಾರ್ಡನ್, ಪ್ರತಿವರ್ಷ ಬೇಸಿಗೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿನ ಸರ್ಕಾರವೇ ನಿಯಮ ಮಾಡಿದೆ. ಅಂದರೆ ಮರಳುಗಾಡು ಇನ್ನೂ ಮರಳುಗಾಡಾಗಿಯೇ ಇದೆ ಎಂಬುದು ಆ ನಗರಕ್ಕೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ನಾಲ್ಕು ದಿನದ ಅತಿಥಿಗೆ ಮಾತ್ರ. ಅದೇ ಅತಿಥಿ ಊರಿಗೆ ಮರಳಿದಾಗ ಇಲ್ಲಿ ನಡುಬೇಸಿಗೆ. ಹೊಲ ಬೋಳು, ಕೆರೆ ಬತ್ತಿದೆ, ಗಾಳಿ ಕಾದಿದೆ. ಅವರ ಅತ್ಯುತ್ತಮ ತಿಂಗಳನ್ನು ನಮ್ಮ ಅತಿ ಕಠಿಣ ತಿಂಗಳ ಪಕ್ಕದಲ್ಲಿಟ್ಟು ತೂಗಿದರೆ ತೀರ್ಪು ಏನು ಬರಬೇಕೋ ಅದೇ ಬರುತ್ತದೆ. ಶೇಂಗಾ ಬಳ್ಳಿ ಹಬ್ಬಿ, ಮೆಕ್ಕೆಜೋಳ ಆಳೆತ್ತರ ನಿಂತ ಆಗಸ್ಟಿನ ಕೂಡ್ಲಿಗಿಯನ್ನು ಅದೇ ಆಗಸ್ಟಿನ ದುಬೈಯ ಪಕ್ಕದಲ್ಲಿಟ್ಟು ನೋಡಿದವರು ಯಾರೂ ಇಲ್ಲ.

ಈಗ ನೀರಿನ ಲೆಕ್ಕಕ್ಕೆ ಬರೋಣ, ವಾದದ ಬೇರು ಅಲ್ಲಿದೆ. ದುಬೈಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 100 ಮಿಲಿಮೀಟರ್ ಕೂಡ ಇಲ್ಲ. ಅಲ್ಲಿನ ನಲ್ಲಿಗಳಲ್ಲಿ ಬರುವ ನೀರು ಹೆಚ್ಚುಕಡಿಮೆ ಪೂರ್ತಿಯಾಗಿ ಸಮುದ್ರದಿಂದ ಬಂದದ್ದು. ಜೆಬೆಲ್ ಅಲಿಯ ಸ್ಥಾವರಗಳು ಕೊಲ್ಲಿಯ ಉಪ್ಪುನೀರನ್ನು ಸಿಹಿ ಮಾಡುತ್ತವೆ. ಅವುಗಳ ಸಾಮರ್ಥ್ಯ ದಿನಕ್ಕೆ ಸುಮಾರು 49 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ 220 ಕೋಟಿ ಲೀಟರಿಗೂ ಹೆಚ್ಚು. ಅದರಲ್ಲಿ ಬಹುಪಾಲು, ನೈಸರ್ಗಿಕ ಅನಿಲ ಸುಟ್ಟು ವಿದ್ಯುತ್ ಮಾಡುವಾಗ ಹುಟ್ಟುವ ಬಿಸಿಯಲ್ಲಿ ನೀರನ್ನು ಆವಿ ಮಾಡಿ, ತಣಿಸಿ ಪಡೆದದ್ದು. ಸ್ವಂತ ಅನಿಲ ಸಾಲದೆ ಕತಾರಿನಿಂದ ಸಮುದ್ರದಡಿಯ ಕೊಳವೆಯಲ್ಲಿ ತರಿಸಿಕೊಳ್ಳುತ್ತಾರೆ. ಹೂವಿನ ತೋಟಕ್ಕೆ ಹೋಗುವುದು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿದ್ದು. ಆ ನೀರೂ ಮೊದಲ ಸಲ ಬಂದದ್ದು ಕಡಲಿನಿಂದಲೇ. ಹೀಗಾಗಿ ದುಬೈಯ ಹಸಿರು ಛಲದಿಂದ ಹುಟ್ಟಿದ್ದು ಎಂದರೆ ಅರ್ಧಸತ್ಯವೂ ಆಗುವುದಿಲ್ಲ. ಪಕ್ಕದಲ್ಲೇ ಸಮುದ್ರ, ನೆಲದಡಿ ಇಂಧನ, ಕೈಯಲ್ಲಿ ಹಣ, ಈ ಮೂರೂ ಕೂಡಿದ ಕಡೆ ಛಲ ಫಲಿಸಿತು. ಕೂಡ್ಲಿಗಿಯಿಂದ ಸಮುದ್ರ 200 ಕಿಲೋಮೀಟರಿಗೂ ಆಚೆ ಇದೆ, ನಮ್ಮ ನೆಲ ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಎತ್ತರದಲ್ಲಿದೆ. ಆ ದಾರಿ ನಮ್ಮದಾಗಲು ಸಾಧ್ಯವೇ ಇಲ್ಲ, ಆಗಬೇಕಾದ ಅಗತ್ಯವೂ ಇಲ್ಲ.

ಅಗತ್ಯ ಯಾಕಿಲ್ಲವೆಂದರೆ ನಮ್ಮದು ಮರಳುಗಾಡಲ್ಲ. ಬರಪೀಡಿತ ಎಂಬ ಹಣೆಪಟ್ಟಿ ಹೊತ್ತ ನಮ್ಮ ತಾಲ್ಲೂಕುಗಳಲ್ಲೂ ವರ್ಷಕ್ಕೆ ಸರಾಸರಿ 500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. 500 ಮಿಲಿಮೀಟರ್ ಎಂದರೆ ಒಂದೊಂದು ಎಕರೆ ಹೊಲದ ಮೇಲೆ 20 ಲಕ್ಷ ಲೀಟರ್ ನೀರು. ಅದು ಕೆಲವೇ ದಿನಗಳಲ್ಲಿ ರಭಸದಿಂದ ಬೀಳುತ್ತದೆ, ಕೆಲವು ವರ್ಷ ಕೈಕೊಡುತ್ತದೆ ಎಂಬುದು ನಿಜ. ಆ ಸ್ವಭಾವ ತಿಳಿದೇ ನಮ್ಮ ಹಿಂದಿನವರು ಹಳ್ಳಕ್ಕೊಂದು ಏರಿ ಹಾಕಿ ಕೆರೆ ಕಟ್ಟಿದರು, ಒಂದು ಕೆರೆಯ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಹೋಗುವಂತೆ ಮಾಡಿದರು, ತೂಬು ಎತ್ತಲು ನೀರಗಂಟಿಯನ್ನು ನೇಮಿಸಿದರು. ಇನ್ನು ನಮ್ಮ ಮಗ್ಗುಲಲ್ಲೇ ಹರಿಯುವ ತುಂಗಭದ್ರೆಯ ವಿಚಾರ. 1953ರಲ್ಲಿ ಪೂರ್ಣಗೊಂಡ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಉಳಿದಿರುವುದು ಸುಮಾರು 105. ಕಳೆದುಕೊಂಡದ್ದು 27–28 ಟಿಎಂಸಿ. ಜೆಬೆಲ್ ಅಲಿಯ ಸ್ಥಾವರಗಳು ಪೂರ್ತಿ ಸಾಮರ್ಥ್ಯದಲ್ಲಿ ವರ್ಷವಿಡೀ ಓಡಿದರೆ ತಯಾರಾಗುವ ನೀರನ್ನು ಟಿಎಂಸಿಗೆ ಇಳಿಸಿ ನೋಡಿ, ಅದೂ ಸುಮಾರು 28 ಟಿಎಂಸಿಯೇ. ಮೂವತ್ತು ಲಕ್ಷಕ್ಕೂ ಹೆಚ್ಚು ಜನರ ನಗರವೊಂದು ಅನಿಲ ಸುಟ್ಟು ವರ್ಷಕ್ಕೆ ಎಷ್ಟು ನೀರು ಮಾಡಬಲ್ಲದೋ ಅಷ್ಟು ನೀರು ನಿಲ್ಲುವ ಜಾಗವನ್ನು ನಾವು ಒಂದೇ ಅಣೆಕಟ್ಟಿನ ಹೂಳಿಗೆ ಬಿಟ್ಟುಕೊಟ್ಟಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಹತ್ತಾರು ಟಿಎಂಸಿ ನೀರು ನದಿಗೆ ಹರಿಯಿತು. ಇಂಥ ನಾಡಿನವರು ಮರಳುಗಾಡಿನಿಂದ ನೀರಿನ ಪಾಠ ಕೇಳಬೇಕಿಲ್ಲ. ಇರುವ ನೀರನ್ನು ಯಾಕೆ ಉಳಿಸಿಕೊಳ್ಳಲಿಲ್ಲ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ದುಬೈ ಮರಳಿನಿಂದ ಎದ್ದ ಪವಾಡ ಎಂಬ ಮಾತೂ ಇತಿಹಾಸಕ್ಕೆ ಹೊಂದುವುದಿಲ್ಲ. ಅದು ಮೊದಲಿನಿಂದ ರೇವುಪಟ್ಟಣ. ಕಡಲು ಒಳಚಾಚಿದ ಖಾಡಿಯ ದಂಡೆಯ ಮೇಲೆ ಮುತ್ತು ಮಾರಿ, ಭಾರತ ಮತ್ತು ಇರಾನಿನ ವರ್ತಕರನ್ನು ಕರೆದು ಕೂರಿಸಿಕೊಂಡು ಬದುಕಿದ ಊರು. 1930ರ ದಶಕದಲ್ಲಿ ಮುತ್ತಿನ ವ್ಯಾಪಾರ ಕುಸಿಯಿತು. 1966ರಲ್ಲಿ ಎಣ್ಣೆ ಸಿಕ್ಕಿತು. 1972ರಲ್ಲಿ ರಶೀದ್ ಬಂದರು, 1979ರಲ್ಲಿ ಜೆಬೆಲ್ ಅಲಿ ಬಂದರು ಕೆಲಸ ಶುರುಮಾಡಿದವು. ಇವತ್ತಿಗೂ ಅದರ ಜೀವ ಇರುವುದು ಕಡಲ ದಂಡೆಯಲ್ಲಿ. ಒಣನೆಲದಲ್ಲಿ ದೊಡ್ಡ ನಗರ ಕಟ್ಟಿ ತೋರಿಸಿದ ಉದಾಹರಣೆ ಬೇಕಿದ್ದರೆ ವಿಮಾನ ಹತ್ತಬೇಕಿಲ್ಲ. 1336ರಿಂದ 1565ರವರೆಗೆ ಜಗತ್ತಿನ ದೊಡ್ಡ ನಗರಗಳಲ್ಲಿ ಒಂದಾಗಿ ಬಾಳಿದ ವಿಜಯನಗರ ನಮ್ಮ ಜಿಲ್ಲೆಗೇ ಹೆಸರು ಕೊಟ್ಟಿದೆ. ಅದು ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆ ಹಾಕಿ, ಇಳಿಜಾರು ನೋಡಿ ಕಾಲುವೆ ತೋಡಿ, ಮಳೆನೀರಿಗೆ ಕೆರೆ ಕಟ್ಟಿ ನಿಂತ ನಗರ. 1565ರಲ್ಲಿ ಅರಮನೆಗಳು ಉರಿದವು, ಬಜಾರುಗಳು ಹಾಳುಬಿದ್ದವು. ತುರ್ತಾ ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳು ಮಾತ್ರ ಇಂದಿಗೂ ಭತ್ತಕ್ಕೆ, ಬಾಳೆಗೆ ನೀರುಣಿಸುತ್ತಿವೆ. ಆಳುವವರು ಅಳಿದು 450 ವರ್ಷ ಕಳೆದರೂ ಅದರ ನೀರಿನ ವ್ಯವಸ್ಥೆ ಅಳಿಯಲಿಲ್ಲ, ಯಾಕೆಂದರೆ ಅದು ನೆಲದ ಇಳಿಜಾರನ್ನು ನಂಬಿತ್ತು. ಇಂಧನವನ್ನು ನಂಬಿದ ನೀರು ಸ್ಥಾವರ ನಿಂತ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ. ಯಾವುದು ಮಾದರಿ ಎಂದು ಆರಿಸುವಾಗ ಇಷ್ಟು ವ್ಯತ್ಯಾಸವನ್ನಾದರೂ ಗಮನಿಸಬೇಕು.

ನೆಲಕ್ಕೆ ಮಳೆಯ ಪರಿಚಯವೇ ಇಲ್ಲದ ನಗರ ಮಳೆ ಬಂದಾಗ ಏನಾಗುತ್ತದೆ ಎಂಬುದನ್ನು 2024ರ ವಸಂತ ತೋರಿಸಿತು. ಏಪ್ರಿಲ್ 16ರಂದು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 1949ರಿಂದ ದಾಖಲೆ ಇಟ್ಟುಕೊಂಡ ಮೇಲೆ ಕಂಡರಿಯದ ಮಳೆ ಸುರಿಯಿತು. ಅಲ್ ಐನ್ ಭಾಗದ ಒಂದು ಕಡೆ ಇಪ್ಪತ್ತನಾಲ್ಕು ಗಂಟೆಯೊಳಗೆ 250 ಮಿಲಿಮೀಟರ್ ದಾಟಿತು. ದುಬೈಯ ವಿಮಾನ ನಿಲ್ದಾಣದ ಓಡುದಾರಿ ಮುಳುಗಿತು, ಹೆದ್ದಾರಿಗಳಲ್ಲಿ ಕಾರುಗಳು ತೇಲಿದವು. ಅಂಥ ಮಳೆಗೆ ಯಾವ ಊರಾದರೂ ತತ್ತರಿಸುತ್ತದೆ, ಅದಕ್ಕಾಗಿ ಆ ನಗರವನ್ನು ಹೀಗಳೆಯುವುದು ಸಲ್ಲದು. ಆದರೆ ನಾವು ಕಲಿಯಬೇಕಾದ್ದು ಅದರಲ್ಲೇ ಇದೆ. ಕಾಂಕ್ರೀಟು, ಡಾಂಬರು ಹಾಸಿದ ನೆಲ ನೀರನ್ನು ಕುಡಿಯುವುದಿಲ್ಲ. ನಮ್ಮಲ್ಲಿ ಊರು ಬೆಳೆಸುವುದೆಂದರೆ ಕೆರೆ ಅಂಗಳದಲ್ಲಿ ಬಸ್ ನಿಲ್ದಾಣ ಕಟ್ಟುವುದು, ಹಳ್ಳದ ಮೇಲೆ ವಾಣಿಜ್ಯ ಮಳಿಗೆ ಎಬ್ಬಿಸುವುದು, ರಾಜಕಾಲುವೆಗೆ ಚಪ್ಪಡಿ ಮುಚ್ಚುವುದು ಎಂಬ ತಿಳಿವಳಿಕೆ ಬೇರೂರಿದೆ. ಗಾಜಿನ ಕಟ್ಟಡವನ್ನೂ ಎಂಟು ಸಾಲಿನ ರಸ್ತೆಯನ್ನೂ ಅಭಿವೃದ್ಧಿಯ ಗುರುತೆಂದು ಒಪ್ಪಿದ ಕಣ್ಣಿಗೆ ಕೆರೆ ಅಂಗಳ ಖಾಲಿ ನಿವೇಶನದಂತೆ ಕಾಣುತ್ತದೆ. ಆ ಕಣ್ಣು ತಯಾರಾಗುವುದು ಇಂಥ ಪ್ರವಾಸದ ತೀರ್ಪುಗಳಿಂದಲೇ.

ಪ್ರವಾಸದ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಸಂಗತಿ ದುಡಿಮೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಜನಸಂಖ್ಯೆಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಹೊರದೇಶದವರು. 828 ಮೀಟರ್ ಎತ್ತರದ ಬುರ್ಜ್ ಖಲೀಫಾವನ್ನು ಎತ್ತಿ ನಿಲ್ಲಿಸಿದ ಕೈಗಳು ಬಹುತೇಕ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳದವು. ಅವರಲ್ಲಿ ಅನೇಕರು ಇರುವುದು ಸೋನಾಪುರದಂಥ ಶಿಬಿರಗಳಲ್ಲಿ, ಒಂದು ಕೋಣೆಗೆ ಹಲವರಂತೆ. ಎಷ್ಟು ವರ್ಷ ದುಡಿದರೂ ಆ ಊರು ಅವರದಾಗುವುದಿಲ್ಲ. ಕೆಲಸ ಹೋದರೆ ವಾಸದ ಹಕ್ಕೂ ಹೋಗುತ್ತದೆ. ಈಗ ನಮ್ಮ ಕಡೆ ನೋಡಿ. ಸುಗ್ಗಿ ಮುಗಿದರೆ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ತಾಂಡಾ ಹಟ್ಟಿಗಳಿಂದ ಸಂಸಾರಗಳು ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು ಗುಳೆ ಹೋಗುತ್ತವೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಕ್ಕೆ, ಕಬ್ಬು ಕಡಿಯುವ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ನಮ್ಮ ಉಳ್ಳವರು ವಸಂತದ ರಜೆಗೆ ಹೊರಡುವ ತಿಂಗಳುಗಳಲ್ಲೇ ನಮ್ಮ ಇಲ್ಲದವರು ಗುಳೆಯಲ್ಲಿರುತ್ತಾರೆ. ದುಬೈ ನಿಂತಿರುವುದು ಜಗತ್ತಿನ ಗುಳೆಯ ಮೇಲೆ. ಗುಳೆಯನ್ನು ಬರಮಾಡಿಕೊಳ್ಳುವ ನಗರವನ್ನು ಗುಳೆ ಕಳಿಸುವ ಹಳ್ಳಿ ಮಾದರಿ ಮಾಡಿಕೊಂಡರೆ ಅದರ ಪಾಲಿಗೆ ಬರುವುದು ಕಳಿಸುವ ಕೆಲಸವೇ. ನಮಗೆ ಬೇಕಾದ ಊರು ಯಾವುದೆಂದರೆ ಜನ ಬೀಗ ಹಾಕಿಕೊಂಡು ಹೋಗದ ಊರು. ಅದಕ್ಕೆ ಬೇಕಾದ್ದು ಎರಡನೇ ಬೆಳೆಗೆ ನೀರು, ದನಕ್ಕೆ ಮೇವು, ಹಳ್ಳಿಯಲ್ಲೇ ನಾಲ್ಕು ತಿಂಗಳ ಕೂಲಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದನ್ನು ಮೊದಲು ಎತ್ತಿಕೊಳ್ಳುತ್ತೇನೆ. ದುಬೈಗೆ ಸಿಕ್ಕ ಎಣ್ಣೆ ಅಬುಧಾಬಿಗೆ ಹೋಲಿಸಿದರೆ ಅಲ್ಪ. ಅದು ತೀರುವ ಮೊದಲೇ ಬಂದರು, ವಿಮಾನ ನಿಲ್ದಾಣ, ವ್ಯಾಪಾರವಾಗಿ ಪರಿವರ್ತಿಸಿಕೊಂಡ ದೂರದೃಷ್ಟಿ ದೊಡ್ಡದು ಎಂದು ಬಲ್ಲವರು ಹೇಳುತ್ತಾರೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. 2009ರ ಸಾಲದ ಬಿಕ್ಕಟ್ಟಿನಲ್ಲಿ ಅಬುಧಾಬಿ ಸಾವಿರ ಕೋಟಿ ಡಾಲರ್ ನೆರವು ಕೊಟ್ಟ ಮೇಲಷ್ಟೇ ದುಬೈ ಉಸಿರಾಡಿತು, 2010ರ ಜನವರಿ 4ರಂದು ಉದ್ಘಾಟನೆಯಾದ ಬುರ್ಜ್ ಖಲೀಫಾ ಗೋಪುರಕ್ಕೆ ಅಬುಧಾಬಿಯ ದೊರೆಯ ಹೆಸರು ಬಂತು ಎಂಬುದನ್ನು ಸೇರಿಸಿದರೂ ಆ ದೂರದೃಷ್ಟಿಯ ಬೆಲೆ ಕಡಿಮೆಯಾಗದು. ಆದರೆ ಈ ಪಾಠ ಪ್ರವಾಸದಿಂದ ಬಂದವರ ಬಾಯಲ್ಲಿ ಬರುವುದೇ ಇಲ್ಲ. ಅದು ಬಂದರೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ನಮ್ಮ ನೆಲದಡಿಯ ಸಂಪತ್ತು ಏನಾಯಿತು? ಸಂಡೂರು, ಹೊಸಪೇಟೆ ಸುತ್ತಿನ ಕಬ್ಬಿಣದ ಅದಿರು ಈ ಶತಮಾನದ ಮೊದಲ ದಶಕದಲ್ಲಿ ಲಾರಿ ಲಾರಿಯಾಗಿ ಬಂದರಿಗೆ ಹೋಯಿತು, ಅಲ್ಲಿಂದ ಚೀನಾಕ್ಕೆ ಹೋಯಿತು. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದಿರಿನ ಹಣದಿಂದ ಒಂದು ಕೆರೆಯಾದರೂ ತುಂಬಿತೇ, ಒಂದು ತಾಲ್ಲೂಕಿನ ಗುಳೆಯಾದರೂ ನಿಂತಿತೇ? ಈಗಲೂ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಇದೆ. ಸಂವಿಧಾನದ 371ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಪ್ರತಿವರ್ಷ ಬರುತ್ತದೆ. ದುಬೈಯ ಮಾದರಿ ಬೇಕೆನ್ನುವವರು ಈ ಹಣದ ಲೆಕ್ಕ ಕೇಳಲಿ, ನಾನು ಅವರ ಜೊತೆ ನಿಲ್ಲುತ್ತೇನೆ.

ಎರಡನೆಯ ಆಕ್ಷೇಪ ಶಿಸ್ತಿನದು. ಅಲ್ಲಿ ರಸ್ತೆಯಲ್ಲಿ ಕಸವಿಲ್ಲ, ಹೆಣ್ಣುಮಕ್ಕಳು ನಡುರಾತ್ರಿ ಓಡಾಡಬಹುದು, ಕಚೇರಿಯ ಕೆಲಸಕ್ಕೆ ಲಂಚವಿಲ್ಲ ಎನ್ನುತ್ತಾರೆ. ಬಳಸಿದ ನೀರನ್ನು ಶುದ್ಧ ಮಾಡಿ ಗಿಡಕ್ಕೆ ಹನಿಸುವುದನ್ನಾದರೂ ಕಲಿಯಬಹುದಲ್ಲ ಎಂದೂ ಕೇಳುತ್ತಾರೆ. ಖಂಡಿತ ಕಲಿಯಬಹುದು. ನಮ್ಮ ಪಟ್ಟಣ ಪಂಚಾಯಿತಿಗಳ ಚರಂಡಿ ನೀರು ಹಾಗೆಯೇ ಹಳ್ಳ ಸೇರುವುದನ್ನು ನಿಲ್ಲಿಸಿದರೆ ಅದು ದೊಡ್ಡ ಗೆಲುವು. ಆದರೆ ಇವ್ಯಾವುವೂ ಮರಳುಗಾಡಿನ ಗುಣಗಳಲ್ಲ, ಗೋಪುರಗಳ ಗುಣಗಳೂ ಅಲ್ಲ. ಒಳ್ಳೆಯ ಆಡಳಿತ ಎಲ್ಲಿದ್ದರೂ ಅವು ಇರುತ್ತವೆ. ಅಲ್ಲಿ ಅದು ಮೇಲಿನಿಂದ ಇಳಿದು ಬಂದದ್ದು. ದುಡಿಯುವ ಬಹುಪಾಲು ಜನಕ್ಕೆ ಅಲ್ಲಿ ಮತವಿಲ್ಲ. ನಮ್ಮಲ್ಲಿ ಅದು ಕೆಳಗಿನಿಂದ ಕೇಳಿ ಪಡೆಯಬೇಕಾದ್ದು, ಕೇಳಲು ಗ್ರಾಮಸಭೆ ಇದೆ. ದುಬೈಯ ಸ್ವಚ್ಛ ರಸ್ತೆಯನ್ನು ಕೊಂಡಾಡುವವರು ತಮ್ಮೂರ ಗ್ರಾಮಸಭೆಯಲ್ಲಿ ಕೂತು ಒಂದು ತೂಬಿನ ದುರಸ್ತಿಗೆ ಹಟ ಹಿಡಿದರೆ ಆ ಶಿಸ್ತು ಇಲ್ಲಿಯೂ ಬೇರುಬಿಡುತ್ತದೆ.

ಮೂರನೆಯದು ಮನಸ್ಸಿಗೆ ತಟ್ಟುವ ಮಾತು. ವರ್ಷವಿಡೀ ದುಡಿದವರು ನಾಲ್ಕು ದಿನ ಹೋಗಿ ಬಂದರೆ ನಿಮಗೇನು, ಈ ಬಿಸಿಲೂರಲ್ಲಿ ವಸಂತಕ್ಕೆ ನೋಡುವುದೇನಿದೆ ಎಂದು ಕೇಳುತ್ತಾರೆ. ಹೋಗುವುದಕ್ಕೆ ನನ್ನ ಅಡ್ಡಿಯಿಲ್ಲ; ಲೋಕ ನೋಡುವುದು ಒಳ್ಳೆಯದು, ಸಂಬಂಧಿಕರು ಕೊಲ್ಲಿಯಲ್ಲಿ ದುಡಿದು ಮನೆಗೆ ಹಣ ಕಳಿಸುವುದೂ ಗೌರವದ ಸಂಗತಿ. ಆದರೆ ಇಲ್ಲಿ ನೋಡುವುದೇನಿದೆ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಮಾಘ–ಫಾಲ್ಗುಣದಲ್ಲಿ ಮೈಲಾರದ ಕಾರಣಿಕ ಕೇಳಲು ಲಕ್ಷಾಂತರ ಜನ ಸೇರುತ್ತಾರೆ, ಕೊಟ್ಟೂರೇಶ್ವರನ ತೇರು ಎಳೆಯುತ್ತಾರೆ, ಕುರುವತ್ತಿಯಲ್ಲಿ ಚಾಲುಕ್ಯರ ಶಿಲ್ಪದ ಮುಂದೆ ಜಾತ್ರೆ ನೆರೆಯುತ್ತದೆ. ಕೂಡ್ಲಿಗಿಯ ತೋಪುಗಳಲ್ಲಿ ಹುಣಸೆ ಬಡಿಯುವ ಕಾಲ ಅದು. ಭೌಗೋಳಿಕ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಅರಳುವುದು ಈ ಬಿಸಿಲಿನಲ್ಲೇ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿ ಸೇರಿತು. ನೀರಾವರಿಗೆಂದು ಜನರೇ ಕಟ್ಟಿದ ಕೆರೆ ಅದು. ಸುಮಾರು 98 ಹೆಕ್ಟೇರ್ ವಿಸ್ತಾರ, ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳೂ ಸೇರಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳ ನೆಲೆ. ಮಿರಾಕಲ್ ಗಾರ್ಡನ್‌ನ ವಿಸ್ತೀರ್ಣ 72,000 ಚದರ ಮೀಟರ್, ಅಂದರೆ ಏಳು ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು. ಕೃಷ್ಣದೇವರಾಯ ಹೊಸಪೇಟೆಯ ಬಳಿ ಅಷ್ಟು ದೊಡ್ಡ ಅನಂತಶಯನಗುಡಿ ಕಟ್ಟಿಸಿದರೂ ಹೊಳಲಿನ ಅನಂತಶಯನ ತನ್ನ ಊರು ಬಿಟ್ಟು ಕದಲಲಿಲ್ಲ ಎಂಬ ಐತಿಹ್ಯವನ್ನು ಈ ಸೀಮೆ ಇಂದಿಗೂ ಹೇಳುತ್ತದೆ. ರಾಜಧಾನಿಯ ವೈಭವಕ್ಕೆ ಮಣಿಯದ ದೇವರನ್ನು ಪೂಜಿಸುವ ಜನ ತಮ್ಮ ನೆಲದ ಬೆಲೆಯನ್ನು ಇಷ್ಟು ಅಗ್ಗವಾಗಿ ಬಿಟ್ಟುಕೊಡಬಾರದು.

ದುಬೈ ನೋಡಿ ಬಂದವರ ತೀರ್ಪಿನ ಹಾನಿ ಮಾತಿನಲ್ಲೇ ನಿಲ್ಲುವುದಿಲ್ಲ. ನೆಲ ಹೇಗೂ ಮರಳುಗಾಡು ಎಂದು ಒಪ್ಪಿಕೊಂಡ ಮೇಲೆ ನೀರನ್ನು ಹೊರಗಿನಿಂದ ತರುವ ದೊಡ್ಡ ಯೋಜನೆಯೊಂದೇ ಪರಿಹಾರ ಎನಿಸುತ್ತದೆ. ಸಿಂಗಟಾಲೂರು ಏತ ನೀರಾವರಿಯೋ, ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳನ್ನು ತುಂಬಿಸುವ ಯೋಜನೆಯೋ ಬೇಕೇ ಬೇಕು, ಅವುಗಳಿಗಾಗಿ ನಡೆದ ಹೋರಾಟ ನ್ಯಾಯದ್ದು. ಆದರೆ ಪೈಪಿನಲ್ಲಿ ನೀರು ಬಂದು ಬೀಳುವ ಕೆರೆಯಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿದ್ದರೆ, ಹೂಳು ಏರಿಯ ಅರ್ಧಕ್ಕೆ ಬಂದಿದ್ದರೆ, ತೂಬು ಮುರಿದಿದ್ದರೆ ಆ ನೀರು ಎಲ್ಲಿ ನಿಲ್ಲಬೇಕು? ಮಳೆನೀರು ತರುವ ಕಾಲುವೆ ಒತ್ತುವರಿಯಾಗಿ, ಮುಚ್ಚಿಹೋಗಿ, ವರ್ಷವಿಡೀ ಮೋಟಾರು ಓಡಿಸಿ ಕೆರೆ ತುಂಬಿಸುವುದೇ ದಾರಿಯಾದರೆ ವಿದ್ಯುತ್ ಬಿಲ್ಲು ಕಟ್ಟುವವರೆಗೆ ಮಾತ್ರ ನಮ್ಮ ಕೆರೆಗಳಲ್ಲಿ ನೀರಿರುತ್ತದೆ. ಆಗ ನಾವು ನಿಜಕ್ಕೂ ದುಬೈಯ ಮಾದರಿಯನ್ನೇ ತಂದುಕೊಂಡಂತಾಗುತ್ತದೆ, ಅದರ ಸಮುದ್ರ, ಅನಿಲ, ಹಣ ಯಾವುದೂ ಇಲ್ಲದೆ.

ಆದ್ದರಿಂದ ಅಳತೆಗೋಲು ಬದಲಾಗಬೇಕು. ನಮ್ಮ ಶಾಸಕರನ್ನು, ಪಂಚಾಯಿತಿ ಸದಸ್ಯರನ್ನು, ಅಧಿಕಾರಿಗಳನ್ನು ಕೇಳಬೇಕಾದ ಪ್ರಶ್ನೆಗಳು ಬಹಳ ಸರಳವಾಗಿವೆ. ಮುಂಗಾರಿಗೆ ಮುಂಚೆ ನಿಮ್ಮ ವ್ಯಾಪ್ತಿಯ ಎಷ್ಟು ಕೆರೆಗಳ ಕಾಲುವೆ ತೆರವಾಯಿತು? ಎಷ್ಟು ಕೆರೆಯ ಹೂಳು ರೈತರ ಹೊಲ ಸೇರಿತು? ಎಷ್ಟು ಒತ್ತುವರಿ ಬಿಡಿಸಿದಿರಿ? ತುಂಗಭದ್ರೆಯ ಹೂಳಿನಿಂದ ಕಳೆದ ನೀರಿಗೆ ಬದಲಿ ಏನು ಮಾಡಿದಿರಿ? ಗಣಿ ನಿಧಿಯಿಂದ ನಮ್ಮ ತಾಲ್ಲೂಕಿಗೆ ಬಂದದ್ದೆಷ್ಟು, ಈ ವರ್ಷ ಗುಳೆ ಹೋಗದೆ ಉಳಿದ ಮನೆಗಳೆಷ್ಟು? ಈ ಲೆಕ್ಕವನ್ನು ಪ್ರತಿ ಮೇ ತಿಂಗಳ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ದುಬೈ ನೋಡಿ ಬಂದವರೂ ಆ ಸಭೆಗೆ ಬರಲಿ. ಪ್ರವಾಸಕ್ಕೆ ಖರ್ಚು ಮಾಡುವ ಶಕ್ತಿ ಇರುವವರ ಮಾತಿಗೆ ನಮ್ಮ ಕಚೇರಿಗಳಲ್ಲಿ ಬೆಲೆ ಹೆಚ್ಚು, ಆ ಬೆಲೆಯನ್ನು ಅವರು ಊರಿನ ಕೆರೆಗಾಗಿ ಬಳಸಲಿ. ಮರಳುಗಾಡಿನವರು ತಮಗಿಲ್ಲದ ನೀರನ್ನು ದುಡ್ಡು ಕೊಟ್ಟು ತಯಾರಿಸಿಕೊಂಡರು. ನಮಗೆ ಮುಗಿಲೇ ಕೊಡುವ ನೀರನ್ನು ಹಿಡಿದಿಟ್ಟುಕೊಳ್ಳುವುದು ಅದಕ್ಕಿಂತ ಸುಲಭದ, ಅಗ್ಗದ, ಬಹುಕಾಲ ಬಾಳುವ ಕೆಲಸ. ಅದನ್ನು ಮಾಡದೆ ಇನ್ನೊಬ್ಬರ ಹೂದೋಟ ತೋರಿಸಿ ನಮ್ಮ ಜನರನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ.